ಒಂದು ಬಾಲು ಹಿಂದೆ

ನಮ್ಮ ಮನೆಗೆ ಬಂದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಮೇಲುಕೋಟೆಯವರಾಗಿ ಪಾಂಡವಪುರದಲ್ಲಿ ಯಾಕಿದ್ದೀರಿ ಎನ್ನುವುದು ಒಂದು. ಟೀವಿಯ ಪಕ್ಕದ ಮೊಳೆಯಲ್ಲಿ ತೂಗಾಡುತ್ತಿರುವ ಆ ತುಕ್ಕು ಹಿಡಿದ ಬೀಗದ ಕೈ ಎಲ್ಲಿಯದು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಹೈಸ್ಕೂಲ್ ಮೇಷ್ಟ್ರ ಕೆಲಸ ಇಲ್ಲಿ ಸಿಕ್ಕಿತು, ಸೈಟೂ ಇಲ್ಲೇ ಸಿಕ್ಕಿತು, ರಿಟೈರೂ ಇಲ್ಲೇ ಆದೆ. ಎರಡನೆಯದಕ್ಕೆ ಉತ್ತರ ಹೇಳಲು ಎರಡು ಸುತ್ತು ಕಾಫಿ ಬೇಕು. ಅದಕ್ಕೇ ಯಾರಾದರೂ ಆ ಮೊಳೆಯ ಕಡೆ ಕಣ್ಣು ಹಾಯಿಸಿದರೆ ಸಾಕು, ನನ್ನ ಹೆಂಡತಿ ಒಳಗೆ ಹೋಗಿ ಹಾಲು ಒಲೆಯ ಮೇಲಿಡುತ್ತಾಳೆ.

ಆ ಬೀಗದ ಕೈ ನಮ್ಮ ಮನೆಯ ಯಾವ ಬೀಗಕ್ಕೂ ಆಗುವುದಿಲ್ಲ. ಅದು ಪಕ್ಕದ ಮನೆಯ ಜವರೇಗೌಡನ ಪಂಪ್‌ಸೆಟ್ ಮನೆಯದು. ಅವನ ಪಂಪ್‌ಸೆಟ್ಟಿನ ಬೀಗದ ಕೈ ನನ್ನ ಟೀವಿಯ ಪಕ್ಕ ಬಂದು ಕೂತದ್ದಕ್ಕೆ ಕಾರಣ ಆಸ್ಟ್ರೇಲಿಯಾ. ನಗಬೇಡಿ, ಹೇಳುತ್ತೇನೆ.

ಜವರ ಮತ್ತು ನಾನು ಐದನೇ ಕ್ಲಾಸಿನಿಂದ ಜೊತೆ. ಬೆಟ್ಟದ ಕೆಳಗಿನ ಹಳ್ಳಿಯಿಂದ ಅವನು ಮೇಲುಕೋಟೆಯ ಸ್ಕೂಲಿಗೆ ನಡೆದು ಬರುತ್ತಿದ್ದ. ಕೊಳದ ಪಕ್ಕದ ಬಯಲಿನಲ್ಲಿ ನಮ್ಮ ಕ್ರಿಕೆಟ್ಟು. ತೆಂಗಿನ ಹೆಡೆಮಟ್ಟೆಯ ಬ್ಯಾಟು, ಹಳೆ ಬಟ್ಟೆ ಸುತ್ತಿ ಮೇಲೆ ಸೈಕಲ್ ಟ್ಯೂಬು ಬಿಗಿದ ಚೆಂಡು. ಹಿತ್ತಲಲ್ಲಿ ತೆಂಗಿನ ಮರ ಇದ್ದದ್ದು ನಮಗೆ, ಹಾಗಾಗಿ ಬ್ಯಾಟು ನನ್ನದು. ಬ್ಯಾಟಿನ ಒಡೆಯನನ್ನು ಬೇಗ ಔಟ್ ಮಾಡಬಾರದು ಎಂಬುದು ಆ ಬಯಲಿನ ಕಾನೂನು. ಹೀಗೆ ನಾನು ಬ್ಯಾಟ್ಸ್‌ಮನ್ ಆದೆ. ತೆಂಗಿನ ಮರ ಇಲ್ಲದ ಜವರ ಬೌಲರ್ ಆದ. ಬೇರೆ ಹುಡುಗರಿಗೆ ಅವನು ಎಸೆಯುವ ಬಾಲು ಮೊಣಕಾಲು ಊದಿಸುತ್ತಿತ್ತು. ನನಗೆ ಮಾತ್ರ ಮೆತ್ತಗೆ, ತುಪ್ಪದಲ್ಲಿ ಅದ್ದಿಕೊಟ್ಟ ಹಾಗೆ ಬರುತ್ತಿತ್ತು. ನಾನು ಹೊಡೆಯುತ್ತಿದ್ದೆ, ಅದು ಕೊಳಕ್ಕೆ ಬೀಳುತ್ತಿತ್ತು, ಅವನೇ ಮೆಟ್ಟಿಲಿಳಿದು ತರುತ್ತಿದ್ದ. ನಾನು ಮಹಾ ಬ್ಯಾಟ್ಸ್‌ಮನ್ ಎಂದು ನಂಬಿಕೊಂಡು ಬಹಳ ವರ್ಷ ಬದುಕಿದೆ.

ಆಟ ಮುಗಿದ ಮೇಲೆ ನಮ್ಮ ಮನೆಗೆ ಬರುತ್ತಿದ್ದೆವು. ನಾನು ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಅಜ್ಜಿ ಅವನಿಗೆ ಜಗಲಿಯ ಮೇಲೆ ಎಲೆ ಹಾಕುತ್ತಿದ್ದಳು. ಪ್ರೀತಿಯಿಂದಲೇ ಬಡಿಸುತ್ತಿದ್ದಳು, ನನಗಿಂತ ಒಂದು ಹಿಡಿ ಪುಳಿಯೋಗರೆ ಜಾಸ್ತಿಯೇ. ಆದರೆ ಹೊಸಿಲು ದಾಟಿಸುತ್ತಿರಲಿಲ್ಲ. ಎಲೆ ಅವನೇ ಎತ್ತಬೇಕು. ಒಂದು ದಿನ ನಾನು ನಾಚಿಕೆಯಿಂದ ಏನೋ ಅನ್ನಲು ಹೋದರೆ ಅವನೇ ನನ್ನನ್ನು ಸಮಾಧಾನ ಮಾಡಿದ. ಜಗಲಿ ಮೇಲೆ ಒಳ್ಳೆ ಗಾಳಿ ಬರುತ್ತದೆ, ಒಳಗೆ ನೀನು ಹೊಗೆ ಕುಡಿ ಎಂದ. ನನಗೆ ಹತ್ತು ವರ್ಷ, ನಂಬಿದೆ. ಇದನ್ನು ಯಾಕೆ ಹೇಳಿದೆ ಎಂದು ಆಮೇಲೆ ಗೊತ್ತಾಗುತ್ತದೆ.

ಪಾಂಡವಪುರದಲ್ಲಿ ನಾನು ಮನೆ ಕಟ್ಟಿದಾಗ ಪಕ್ಕದ ಸೈಟು ಜವರ ತೆಗೆದುಕೊಂಡ. ಎರಡು ಹಸು, ಊರಾಚೆ ಒಂದಿಷ್ಟು ಕಬ್ಬು, ಡೇರಿಗೆ ಎರಡು ಹೊತ್ತು ಹಾಲು. ನಮ್ಮಿಬ್ಬರ ಮನೆಯ ಮಧ್ಯೆ ಸೊಂಟದೆತ್ತರದ ಕಾಂಪೌಂಡು, ಅದರ ಮೇಲೆ ಯಾವ ಕಡೆಯದೆಂದು ಯಾರೂ ಕೇಳದ ನುಗ್ಗೆ ಮರ. ನಮ್ಮ ನಡುಮನೆಯಲ್ಲಿ, ಟೀವಿಯ ಎದುರಿಗೆ, ಅವನಿಗೆ ಒಂದು ಬೆತ್ತದ ಕುರ್ಚಿ. ನನ್ನ ಅಳಿಯ ಬಂದರೂ ಅದರಲ್ಲಿ ಕೂರುವುದಿಲ್ಲ. ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಮ್ಯಾಚಿದ್ದರೆ ಅವನು ಬೆಳಿಗ್ಗೆ ಹಾಲು ಹಾಕಿ, ಕೈಕಾಲು ತೊಳೆದು, ಮಡಿಸಿದ ಟವಲು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದ, ಬೀಗರ ಮನೆಗೆ ಬರುವವನ ಹಾಗೆ.

ಬಂದವನು ಸುಮ್ಮನೆ ನೋಡುತ್ತಿದ್ದನೆ? ಇಲ್ಲ. ನಾನು ಬ್ಯಾಟಿಂಗ್ ಪಾರ್ಟಿ, ಅವನು ಬೌಲಿಂಗ್ ಪಾರ್ಟಿ. ಮೂವತ್ತು ವರ್ಷದಿಂದ ಒಂದೇ ವಾದ. ಅವರ ವೇಗದ ಬೌಲರುಗಳ ಮುಂದೆ ನಮ್ಮ ಬ್ಯಾಟಿಂಗೇ ನಮ್ಮ ಬಲ ಎಂದು ನಾನು. ಇನ್ನೂರೈವತ್ತು ಹೊಡೆಯಲಿ ನಾನೂರು ಹೊಡೆಯಲಿ, ಬೌಲಿಂಗ್ ಇಲ್ಲದಿದ್ದರೆ ಆಸ್ಟ್ರೇಲಿಯಾದವರು ಸಂಜೆಯೊಳಗೆ ಮೇಯ್ದು ಹೋಗುತ್ತಾರೆ ಎಂದು ಅವನು.

"ಬೆಳೆ ಎಷ್ಟ್ ಬೆಳದ್ರೇನ್ಲಾ, ಹಂದಿ ಬರ್ದಂಗೆ ಕಾಯೋನಿಲ್ದೆ ವೋದ್ರೆ?" ಎನ್ನುತ್ತಿದ್ದ.

ಬೆಳೆಯೇ ಇಲ್ಲದ ಹೊಲದಲ್ಲಿ ರಾತ್ರಿಯೆಲ್ಲ ಡಬ್ಬ ಬಡಿದು ಏನು ಕಾಯುತ್ತೀಯ ಎಂದು ನಾನು ತಿರುಗಿಸುತ್ತಿದ್ದೆ. ನಾನು ಗಣಿತದ ಮೇಷ್ಟ್ರು, ಸರಾಸರಿಗಳನ್ನು ಕಾಗದದ ಮೇಲೆ ಬರೆದು ತೋರಿಸುತ್ತಿದ್ದೆ. ಅವನು ಆ ಕಾಗದವನ್ನು ಮಡಿಸಿ ಅಲುಗಾಡುವ ಸ್ಟೂಲಿನ ಕಾಲಿಗೆ ಕೊಡುತ್ತಿದ್ದ. ಈಗಲೂ ಆ ಸ್ಟೂಲು ಅಲುಗಾಡುವುದಿಲ್ಲ.

ಈ ವಾದದ ಘನತೆ ನಿಮಗೆ ತಿಳಿಯಬೇಕಾದರೆ ಅಕ್ಕಿಹೆಬ್ಬಾಳಿನ ಮದುವೆ ಹೇಳಬೇಕು. ಜವರನ ಕಡೆಯವರ ಮದುವೆ. ಇಬ್ಬರೂ ಉಡುಗೊರೆಗೆಂದು ಒಂದು ಸ್ಟೀಲ್ ಕೊಳಗ ಹಿಡಿದುಕೊಂಡು ಕೆ.ಆರ್. ಪೇಟೆಯ ಸ್ಟ್ಯಾಂಡಿನಲ್ಲಿ ಇಳಿದು, ಮಾತಾಡುತ್ತ ಮಾತಾಡುತ್ತ ಎದುರಿಗಿದ್ದ ಬಸ್ಸು ಹತ್ತಿದೆವು. ಜವರ "ಎರಡು ಕೊಡಪ್ಪ" ಎಂದ. ಟಿಕೆಟ್ ಹರಿಯುತ್ತಲೇ ಕಂಡಕ್ಟರು ನಮ್ಮ ವಾದಕ್ಕೆ ಕಿವಿ ಕೊಟ್ಟ. ಅವನೂ ಬೌಲಿಂಗ್ ಪಾರ್ಟಿ ಎಂದು ತಿಳಿದಾಗ ನಾನು ಒಬ್ಬಂಟಿಯಾದೆ, ದನಿ ಏರಿಸಬೇಕಾಯಿತು. ಹಿಂದಿನ ಸೀಟಿನ ಅಜ್ಜಿಯೊಬ್ಬಳು ನಮ್ಮದು ಜಮೀನಿನ ಜಗಳ ಎಂದು ತಿಳಿದು, ಅಣ್ಣತಮ್ಮಂದಿರು ಹಂಚಿಕೊಂಡು ತಿನ್ನಿ ಎಂದು ಬುದ್ಧಿ ಹೇಳಿದಳು. ಬಸ್ಸು ನಿಂತಾಗ ನೋಡಿದರೆ ನಾಗಮಂಗಲ. ಧಾರೆಯ ಹೊತ್ತಿಗೆ ನಾವು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆವು, ಕೊಳಗ ಟೇಬಲ್ಲಿನ ಮೇಲಿತ್ತು. ತಪ್ಪು ಯಾರದೆಂದು ವಾಪಸ್ ಬರುವವರೆಗೂ ತೀರ್ಮಾನವಾಗಲಿಲ್ಲ.

ಇಂಥ ಗೆಳೆತನವನ್ನು ನಾನು ಒಂದು ಮಾತಿನಲ್ಲಿ ಮುರಿದೆ.

ಅವತ್ತು ಆಸ್ಟ್ರೇಲಿಯಾದವರ ರನ್ನನ್ನು ನಾವು ಬೆನ್ನಟ್ಟುತ್ತಿದ್ದೆವು. ಗೆಲ್ಲುವುದು ಗ್ಯಾರಂಟಿ ಎಂದು ನಾನು ಆಗಲೇ ಹೆಂಡತಿಗೆ ಸಜ್ಜಿಗೆಗೆ ಹೇಳಿಬಿಟ್ಟಿದ್ದೆ. ನಾನು ಆರಾಧಿಸುವ ಬ್ಯಾಟ್ಸ್‌ಮನ್ ಒಬ್ಬ ಹೊರಗೆ ಹೋಗುತ್ತಿದ್ದ ಬಾಲನ್ನು ನಾಜೂಕಾಗಿ ಮುಟ್ಟಲು ಹೋಗಿ ಕೀಪರನ ಕೈಗೆ ಕೊಟ್ಟು ನಡೆದ. ಅವನ ಹಿಂದೆ ಉಳಿದವರೂ ಸಾಲಾಗಿ ನಡೆದರು. ಸೋತೆವು. ಜವರ ಕಾಫಿ ಕುಡಿಯುತ್ತ, ನಿನ್ನ ನಾಜೂಕು ನೋಡು, ಹೆಂಗೆ ಮುತ್ತಿಕ್ಕಿ ಕೊಟ್ಟುಬುಟ್ಟ ಎಂದು ನಕ್ಕ. ಅದು ಮೂವತ್ತು ವರ್ಷ ನಕ್ಕ ನಗುವೇ, ಹೊಸದೇನಲ್ಲ. ನನಗೆ ಎಲ್ಲಿತ್ತೋ ಸಿಟ್ಟು.

"ಸಗಣಿ ಬಾಚೋ ಕೈಗೆ ಬ್ಯಾಟಿಂಗಿನ ನಾಜೂಕು ಎಲ್ಲಿ ತಿಳಿಯಬೇಕು" ಎಂದುಬಿಟ್ಟೆ.

ಜವರ ತನ್ನ ಕೈ ನೋಡಿಕೊಂಡ. ಬೆಳಿಗ್ಗೆ ಸೋಪು ಹಾಕಿ ತೊಳೆದುಕೊಂಡು ಬಂದ ಕೈ. ಅರ್ಧ ಕುಡಿದ ಕಾಫಿಯ ಲೋಟವನ್ನು ಸ್ಟೂಲಿನ ಮೇಲೆ ಸದ್ದಾಗದಂತೆ ಇಟ್ಟ. ಟವಲು ಹೆಗಲಿಗೆ ಹಾಕಿಕೊಂಡ.

"ಬತ್ತೀನಿ ಮೇಷ್ಟ್ರೆ" ಎಂದ.

ಅಲ್ಲಿಯವರೆಗೆ ಅವನು ನನ್ನನ್ನು ಲೇ ಸಂಪತ್ತು ಎಂದು ಕರೆದಿದ್ದಾನೆ, ಏನ್ಲಾ ಎಂದಿದ್ದಾನೆ, ನನ್ನ ಹೆಂಡತಿಯ ಎದುರಿಗೇ ದಡ್ಡ ನನ್ಮಗನೆ ಎಂದಿದ್ದಾನೆ. ಮೇಷ್ಟ್ರೆ ಎಂದು ಕರೆದದ್ದು ಅವತ್ತೇ ಮೊದಲು. ಅಜ್ಜಿ ಹೊಸಿಲಾಚೆ ಕೂರಿಸಿದ್ದಳು, ಅವಳಿಗೆ ಬೇರೆ ಏನೂ ಗೊತ್ತಿರಲಿಲ್ಲ. ಎಲ್ಲ ಗೊತ್ತಿದ್ದ ನಾನು, ಒಳಗೆ ಬಂದು ಕೂತವನನ್ನು ಎಬ್ಬಿಸಿ ಮತ್ತೆ ಜಗಲಿಗೆ ಕಳಿಸಿದ್ದೆ. ಆ ಲೋಟ ಅಲ್ಲೇ ಆರಿತು. ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮಾರನೆಯ ದಿನವೇ ಹೋಗಿ ತಪ್ಪಾಯ್ತು ಎನ್ನಬಹುದಿತ್ತು. ಆದರೆ ಜೀವಮಾನವೆಲ್ಲ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ತನ್ನ ತಪ್ಪಿನ ಕೆಳಗೆ ಎಳೆಯಲು ಕೈ ಬರುವುದಿಲ್ಲ. ನಾಳೆ ಹೋದರಾಯಿತು ಎಂದುಕೊಂಡೆ. ನಾಳೆ ನಾಳೆ ಎಂದು ಎರಡು ತಿಂಗಳಾಯಿತು. ಅಷ್ಟರಲ್ಲಿ ಜವರನ ಮಗ ಅಪ್ಪನಿಗೆ ಇಂಟರ್ನೆಟ್ಟಿನ ದೊಡ್ಡ ಟೀವಿ ತಂದು ಗೋಡೆಗೆ ಹಾಕಿಸಿಕೊಟ್ಟ. ಇನ್ನು ಅವನು ನಮ್ಮ ಮನೆಗೆ ಬರುವ ಅಗತ್ಯವೇ ಇಲ್ಲವಾಯಿತು.

ಆ ಟೀವಿಯ ಒಂದು ಗುಟ್ಟು ನನಗೆ ಬೇಗ ತಿಳಿಯಿತು. ಚಾವಣಿಯ ಮೇಲಿನ ಡಿಶ್ ತಟ್ಟೆಯಿಂದ ನಮ್ಮ ಟೀವಿಗೆ ಬರುವ ಮ್ಯಾಚು ಮುಂದೆ. ಇಂಟರ್ನೆಟ್ಟಿನಲ್ಲಿ ಅವನಿಗೆ ಬರುವುದು ಹಿಂದೆ. ಹೆಚ್ಚೇನಲ್ಲ, ಒಂದು ಬಾಲಿನಷ್ಟು. ನಮ್ಮ ಮನೆಯಲ್ಲಿ ವಿಕೆಟ್ ಬಿದ್ದಾಗ ಅವನ ಮನೆಯಲ್ಲಿ ಬೌಲರು ಇನ್ನೂ ಚೆಂಡು ಉಜ್ಜಿಕೊಳ್ಳುತ್ತಿರುತ್ತಾನೆ.

ಇದು ತಿಳಿದ ಮೇಲೆ ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಕಿಟಕಿ ತೆಗೆದಿಟ್ಟು ಕೂಗಲು ಶುರು ಮಾಡಿದೆ. ಮೊದಲಿನಿಂದಲೂ ಕೂಗುವವನೇ, ಈಗ ಇನ್ನೊಂದು ಸುತ್ತು ಜೋರು. ಅವನಿಗೆ ಕೇಳಲಿ, ಸಿಟ್ಟು ಬರಲಿ, ಬಂದು ಒಂದು ಬೈಗುಳ ಬೈಯಲಿ ಎಂದು ಆಸೆ. ಅದನ್ನು ಆಸೆ ಎಂದು ಈಗ ಕರೆಯುತ್ತಿದ್ದೇನೆ, ಆಗ ಹಟ ಎಂದುಕೊಂಡಿದ್ದೆ. ಆ ಕಡೆಯಿಂದ ಯಾವ ಸದ್ದೂ ಬರಲಿಲ್ಲ.

ಒಂದು ದಿನ ಜವರನ ಹೆಂಡತಿ ತಾಯಮ್ಮ ಕಾಂಪೌಂಡಿನ ಆಚೆ ನುಗ್ಗೆಕಾಯಿ ಕೀಳುತ್ತಿದ್ದಳು. ಅವಳಿಗೂ ನನಗೂ ಮಾತು ನಿಂತಿರಲಿಲ್ಲ. ಹೊಸ ಟೀವಿಯಲ್ಲಿ ಜವರ ಮ್ಯಾಚ್ ಚೆನ್ನಾಗಿ ನೋಡುತ್ತಾನಾ ಎಂದು ಕೇಳಿದೆ, ಏನೂ ಗೊತ್ತಿಲ್ಲದವನ ಹಾಗೆ.

"ಎಲ್ ನೋಡಾರು ಮೇಷ್ಟ್ರೆ. ನೀವು ಕೂಗಿದ್ರೆ ಸಾಕು, ಟೀವಿ ಆರಿಸ್ಬುಟ್ಟು ಕೊಟ್ಗೆಗೆ ವೋಯ್ತಾರೆ. ಬೀಳೋದು ಗೊತ್ತಾದ್ ಮ್ಯಾಲೆ ನೋಡೋದೇನದೆ, ಆರೋದ ಮುದ್ದೆ ಅಂತಾರೆ."

ಅದು ಜವರನ ಹಳೆಯ ಮಾತು. ಅವನು ರೀಪ್ಲೇ ನೋಡುವವನಲ್ಲ. ನಮ್ಮ ಮನೆಯಲ್ಲಿದ್ದಾಗಲೂ ರೀಪ್ಲೇ ಬಂದರೆ ಎದ್ದು ಎಲೆಅಡಿಕೆ ಉಗಿದು ಬರುತ್ತಿದ್ದ. ಬಾಲು ಕೈ ಬಿಟ್ಟು, ಇನ್ನೂ ಏನೂ ಆಗದೆ ಗಾಳಿಯಲ್ಲಿರುವ ಆ ಒಂದು ಗಳಿಗೆಗಾಗಿಯೇ ಅವನು ಕ್ರಿಕೆಟ್ ನೋಡುತ್ತಿದ್ದದ್ದು. ನಾನು ಕಿಟಕಿ ತೆಗೆದಿಟ್ಟು ಅದನ್ನೇ ಕಿತ್ತುಕೊಳ್ಳುತ್ತಿದ್ದೆ. ಕೊಳಕ್ಕೆ ಬಿದ್ದ ಚೆಂಡನ್ನು ನೂರು ಸಲ ತಂದುಕೊಟ್ಟವನಿಗೆ ನಾನು ಕೊಟ್ಟದ್ದು ಇದು. ನುಗ್ಗೆ ಮರದ ಕೆಳಗೆ ನನಗೆ ನಿಜವಾಗಿ ಅಳು ಬಂತು. ಕಣ್ಣಿಗೆ ಏನೋ ಬಿತ್ತು ಎಂದು ತಾಯಮ್ಮನಿಗೆ ಹೇಳಿ ಒಳಗೆ ಬಂದೆ.

ಆಮೇಲಿನ ಆಸ್ಟ್ರೇಲಿಯಾ ಮ್ಯಾಚು ಅವರ ದೇಶದಲ್ಲೇ. ಅಂದರೆ ನಮಗೆ ಬೆಳಿಗ್ಗೆ ಶುರುವಾಗಿ ಸಂಜೆ ಹಾಲು ಕರೆಯುವ ಹೊತ್ತಿಗೆ ಮುಗಿಯುವಂಥದ್ದು. ನನ್ನ ಹೆಂಡತಿ ಮೇಲುಕೋಟೆಗೆ ಅವಳ ಅಕ್ಕನ ಮನೆಗೆ ಹೋಗಿದ್ದಳು. ಹೋಗುವಾಗ, ಇವರು ಒಬ್ಬರೇ ಇರುತ್ತಾರೆ, ಬೀಪಿ ಮಾತ್ರೆ ಮರೆಯುತ್ತಾರೆ ಎಂದು ತಾಯಮ್ಮನಿಗೆ ಹೇಳಿ ಹೋಗಿದ್ದಳು. ನಾನು ಕಿಟಕಿ ಮುಚ್ಚಿದೆ. ಆದರೂ ನನ್ನ ಗಂಟಲಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಗಂಟಲನ್ನು ಮುಚ್ಚಲು ಮನೆಯಲ್ಲಿ ಏನಿದೆ ಎಂದು ಹುಡುಕಿ, ಕೊನೆಗೆ ಒಂದು ಟವಲಿನ ಚುಂಗನ್ನು ಬಾಯಿಗೆ ತುರುಕಿಕೊಂಡು ಕೂತೆ.

ಬ್ಯಾಟಿಂಗ್ ನಮ್ಮದು ಸುಮಾರಾಗಿತ್ತು. ಗೆಲ್ಲಿಸಬೇಕಾದದ್ದು ಬೌಲಿಂಗೇ. ಆಸ್ಟ್ರೇಲಿಯಾಕ್ಕೆ ಕೊನೆಗೆ ಬೇಕಾದದ್ದು ಕೆಲವೇ ರನ್ನು, ನಮಗೆ ಬೇಕಾದದ್ದು ಮೂರು ವಿಕೆಟ್ಟು. ಇದು ಜವರನ ಮ್ಯಾಚು. ಅವನು ಇದಕ್ಕಾಗಿ ಹಾಲು ಕರೆಯುವುದನ್ನು ಕೂಡ ಮುಂದೂಡಿದ್ದ, ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ಎಂಟನೇ ವಿಕೆಟ್ ಬಿತ್ತು. ನಾನು ಟವಲು ಕಚ್ಚಿದೆ. ಒಂದು ಬಾಲು ಕಳೆಯಿತು. ಆ ಕಡೆಯಿಂದ "ಅಂಗಾಕ್ಲಾ" ಎಂದು ಒಂದು ಕೂಗು ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಅವನು ತನ್ನ ಪಾಲಿನ ವಿಕೆಟ್ಟನ್ನು ತಾನೇ ನೋಡಿ ಕೂಗಿದ ಕೂಗು. ನಾನು ಟವಲಿನೊಳಗೇ ನಕ್ಕೆ.

ಒಂಬತ್ತನೆಯದೂ ಬಿತ್ತು. ನಾನು ಎರಡೂ ಕೈಯಲ್ಲಿ ಬಾಯಿ ಅದುಮಿದೆ. ಆ ಕಡೆ ಈ ಸಲ ಕೂಗು ಬರಲಿಲ್ಲ. ಬದಲಿಗೆ ಕಾಂಪೌಂಡಿನ ಹತ್ತಿರದಿಂದ "ಮೇಷ್ಟ್ರೆ" ಎಂದು ಕರೆದ ಹಾಗಾಯಿತು. ಭ್ರಮೆ ಎಂದುಕೊಂಡೆ. ಮತ್ತೆ ಕರೆದ. ಓಗೊಡಬೇಕಾದರೆ ಟವಲು ತೆಗೆಯಬೇಕು, ತೆಗೆದರೆ ವಿಕೆಟ್ಟೂ ಅದರ ಜೊತೆಗೇ ಆಚೆ ಬೀಳುತ್ತದೆ. ಅಷ್ಟರಲ್ಲಿ ಕೊನೆಯ ಬ್ಯಾಟ್ಸ್‌ಮನ್ ಬಂದು ನಿಂತಾಗಿತ್ತು. ನಮ್ಮ ಬೌಲರು ಓಡಿ ಬಂದ. ಬಾಲು ಸೊಯ್ಯೆಂದು ಬ್ಯಾಟಿನ ಕೆಳಗೆ ನುಗ್ಗಿ ಮಧ್ಯದ ಸ್ಟಂಪು ಕಿತ್ತಿತು. ಗೆದ್ದೆವು. ನಾನು ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಬಾಯಲ್ಲಿ ಟವಲು, ಕಣ್ಣಲ್ಲಿ ನೀರು, ಕೂಗಲಾಗದೆ ಗಡಗಡ ನಡುಗುತ್ತಿದ್ದೆ.

ಹಿತ್ತಲ ಬಾಗಿಲು ದಢಾರನೆ ತೆರೆಯಿತು. ಜವರ. ಕಾಂಪೌಂಡು ಹಾರಿ ಬಂದಿದ್ದ, ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ನನ್ನನ್ನು ನೋಡಿದವನೇ ಒಂದು ನಿಮಿಷವೂ ಯೋಚಿಸಲಿಲ್ಲ, ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ಕಿತ್ತು ನನ್ನ ಅಂಗೈಗೆ ಒತ್ತಿ ಬೆರಳು ಮಡಚಿ ಹಿಡಿದ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುತ್ತಾರಲ್ಲ, ಹಾಗೆ.

"ಗಟ್ಟಿಯಾಗ್ ಇಡ್ಕಳ್ಲಾ ಸಂಪತ್ತು, ಬುಡ್ಬೇಡ. ಏನೂ ಆಗಕಿಲ್ಲ, ನಾನಿವ್ನಿ."

ಇನ್ನೊಂದು ಕೈಯಲ್ಲಿ ಟವಲು ಎಳೆದ. ಮೂರು ವಿಕೆಟ್ಟಿನ ಕೂಗು ಒಟ್ಟಿಗೇ ಆಚೆ ಬಂತು. ಗೆದ್ದ್ವೋ ಎಂದು ನಾನು ಅವನ ಮುಖಕ್ಕೇ ಕೂಗಿಬಿಟ್ಟೆ. ಅಷ್ಟೆಲ್ಲ ಕಷ್ಟಪಟ್ಟು ಕೊನೆಗೂ ಅವನಿಗೆ ಮ್ಯಾಚು ಹೇಳಿಕೊಟ್ಟವನು ನಾನೇ.

ಸಮಾಧಾನವಾದ ಮೇಲೆ ಎಲ್ಲ ಹೊರಗೆ ಬಂತು. ಎಂಟನೇ ವಿಕೆಟ್ಟಿಗೆ ನನ್ನ ಕೂಗು ಬರಲಿಲ್ಲ, ಮೇಷ್ಟ್ರು ಮಾತ್ರೆ ತಗೊಂಡು ಮಲಗಿರಬೇಕು ಎಂದುಕೊಂಡನಂತೆ. ಒಂಬತ್ತನೆಯದಕ್ಕೂ ಇಲ್ಲ. ಆಸ್ಟ್ರೇಲಿಯಾದ ಒಂಬತ್ತನೇ ವಿಕೆಟ್ ಬಿದ್ದು ಸಂಪತ್ತು ಸುಮ್ಮನಿದ್ದಾನೆ ಎಂದರೆ ಅವನ ಪ್ರಾಣ ಹೋಗಿರಬೇಕು ಎಂದು ಎದ್ದನಂತೆ. ಕರೆದರೆ ಓಗೊಡಲಿಲ್ಲ, ಹಾರಿದ. ಆ ಕೊನೆಯ ಬಾಲು ನಮ್ಮ ಮನೆಯಲ್ಲಿ ಆಗಿಹೋಗಿತ್ತು, ಅವನ ಮನೆಯಲ್ಲಿ ಇನ್ನೂ ಆಗಿರಲಿಲ್ಲ. ನಡುವೆ ಕಾಂಪೌಂಡಿನ ಮೇಲೆ ಅವನಿದ್ದ.

ಟವಲಿನ ಕಾರಣವನ್ನು ನಾನು ಹೇಳಿದೆ. ಅವನು ಬೆತ್ತದ ಕುರ್ಚಿಯಲ್ಲಿ ಕೂತು ಕಾಲಿನ ಮಣ್ಣು ಒರೆಸಿಕೊಂಡ. ನಾನು ಕಾಫಿ ಮಾಡಿ ತಂದೆ, ಸಕ್ಕರೆ ಜಾಸ್ತಿಯಾಗಿತ್ತು.

"ಜವರ, ಅವತ್ತು ನಾನು ಆಡಬಾರದ ಮಾತು ಆಡಿದೆ. ತಪ್ಪಾಯ್ತು ಕಣೋ" ಎಂದೆ. ಅಷ್ಟು ದಿನ ಬಾರದ ಮಾತು, ಬಂದಾಗ ಅಷ್ಟೇ ಇತ್ತು.

ಅವನು ಲೋಟ ಮುಟ್ಟಲಿಲ್ಲ.

"ವೈಡ್ ಬಾಲು ಕಣ್ಲಾ ಅದು. ನನ್ಗೆ ವಸಿ ನೋವಾಯ್ತು, ಇಲ್ಲ ಅನ್ನಕಿಲ್ಲ. ಒಂದ್ ರನ್ ವೋಯ್ತು, ಬುಡು. ಈಗ ಇನ್ನೊಂದ್ ಬಾಲ್ ಆಕ್ಬೇಕಲ್ಲ, ಅದ ಯೋಳು. ಕೊನೇ ವಿಕೆಟ್ ಎಂಗ್ ಬಿತ್ತು?"

ಟೀವಿಯಲ್ಲಿ ಅದೇ ವಿಕೆಟ್ಟನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಅವನು ಅತ್ತ ಬೆನ್ನು ತಿರುಗಿಸಿ ಕೂತ. ನಾನು ಟೀವಿ ಆರಿಸಿದೆ. ಕೈಯಲ್ಲಿ ಇನ್ನೂ ಅವನ ಬೀಗದ ಕೈ ಇತ್ತು, ಅದನ್ನೇ ಚೆಂಡಿನ ಹಾಗೆ ಹಿಡಿದು, ಅಡುಗೆಮನೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ಓಡಿ ಬಂದು ತೋರಿಸಿದೆ. ಬೌಲರು ಎಲ್ಲಿ ತಿರುಗಿದ, ಹೇಗೆ ಹಣೆ ಒರೆಸಿಕೊಂಡ, ಬಾಲು ಎಷ್ಟು ತಗ್ಗಿನಲ್ಲಿ ನುಗ್ಗಿತು, ಎಲ್ಲ. ಒಬ್ಬ ಬೌಲರನನ್ನು ಬಾಯಿ ತುಂಬ ಹೊಗಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಜವರ ಕಣ್ಣು ಮುಚ್ಚಿಕೊಂಡು ಕೇಳಿದ.

ಬೀಗದ ಕೈ ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕೊಟ್ಟ ಕಬ್ಬಿಣ ತಿರುಗಿ ತೆಗೆದುಕೊಂಡರೆ ಮೂರ್ಛೆಯೂ ತಿರುಗಿ ಬರುತ್ತದೆ ಎಂದ. ನನಗೆ ಮೂರ್ಛೆಯೇ ಬಂದಿರಲಿಲ್ಲ ಎಂದರೂ ಒಪ್ಪಲಿಲ್ಲ. ಮಾರನೆಯ ದಿನ ಪಂಪ್‌ಸೆಟ್ ಮನೆಯ ಬೀಗ ಒಡೆದು ಹೊಸದು ಹಾಕಿಸಿದ, ಒಡೆಯುವಾಗ ನನ್ನನ್ನು ಬೈದುಕೊಂಡನೆಂದು ತಾಯಮ್ಮ ಹೇಳಿದಳು.

ಈಗ ಮತ್ತೆ ಬರುತ್ತಾನೆ. ಅವನ ದೊಡ್ಡ ಟೀವಿಯಲ್ಲಿ ತಾಯಮ್ಮ ಧಾರಾವಾಹಿ ನೋಡುತ್ತಾಳೆ. ಬೆಳೆ ದೊಡ್ಡದೋ ಕಾಯುವವನು ದೊಡ್ಡವನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಆಗುವ ಲಕ್ಷಣವೂ ಇಲ್ಲ. ಆದರೆ ಆ ಒಂದು ವಿಕೆಟ್ಟನ್ನು ಅವನು ಇವತ್ತಿಗೂ ನೋಡಿಲ್ಲ. ಮೊಬೈಲಿನಲ್ಲಿ ತೋರಿಸುತ್ತೇನೆ ಎಂದರೆ ಬ್ಯಾಡ ಎನ್ನುತ್ತಾನೆ. ಮ್ಯಾಚಿಲ್ಲದ ಸಂಜೆ, ಡೇರಿಗೆ ಹಾಲು ಹಾಕಿ ಬಂದು, ಮೊಳೆಯಿಂದ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂರುತ್ತಾನೆ. ನಾನು ಅಡುಗೆಮನೆಯ ಬಾಗಿಲಿನಿಂದ ಓಡಿ ಬರುತ್ತೇನೆ. ಅಲ್ಲಿಯವರೆಗೆ ಅವನು ಕಾಫಿ ಮುಟ್ಟುವುದಿಲ್ಲ. ವಿಕೆಟ್ ಬಿದ್ದ ಮೇಲೆ ಲೋಟ ಎತ್ತಿ, ತಳ ಕಾಣುವವರೆಗೆ ಕುಡಿಯುತ್ತಾನೆ.